ಎಂಟು ತೂಬಿನ ಸೀಮೆ

ನಾಲ್ಕನ್ನು ಮೂರು ಎಂದು ಹೇಳಿ ನಾಲ್ಕು ದಿನವಾಗಿತ್ತು. ಬುಧವಾರ ಬೆಳಿಗ್ಗೆ ಮಂಡ್ಯದ ನೀರಾವರಿ ಆಫೀಸಿನಲ್ಲಿ, ಕೆರಗೋಡಿನ ಕಡೆಯ ಒಂದು ಮರಿನಾಲೆಯನ್ನು ಟ್ರೇಸಿಂಗ್ ಬಟ್ಟೆಗೆ ಇಳಿಸುತ್ತ ಬಗ್ಗಿ ನಿಂತಿದ್ದ ಪಾರ್ಥಸಾರಥಿಯ ಕೈ ಅಲುಗಿ, ಮಸಿ ಜೀರಿಗೆಕಾಳಿನಷ್ಟು ಗೆರೆಯಾಚೆ ಹೋಯಿತು. ಹದಿನಾರು ವರ್ಷ ಟ್ರೇಸರ್ ಆಗಿ ದುಡಿದವನು; ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ಗೆರೆಯ ಮೇಲೆ ಮಸಿಯ ಗೆರೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸುವುದೇ ಅವನ ವಿದ್ಯೆ. ಆ ವಿದ್ಯೆಯಲ್ಲಿ ಸ್ವಂತದ್ದು ಎಂಬುದಕ್ಕೆ ಜಾಗವಿಲ್ಲ. ಇದ್ದರೆ ಅದನ್ನು ತಪ್ಪು ಎನ್ನುತ್ತಾರೆ. ಬ್ಲೇಡಿನ ತುದಿಯಿಂದ ಮಸಿಯನ್ನು ಕೆರೆಯುತ್ತ, ಮೂರು ಅಂದುಬಿಟ್ಟೆನಲ್ಲ ಎಂದುಕೊಂಡ. ಯಾರೂ ನೋಡಲಿಲ್ಲ. ಆರು ಕವಡೆ ಚಾಪೆಯ ಮೇಲೆ ಉರುಳಿದವು, ನಾಲ್ಕು ಬಾಯಿ ಮೇಲಾಗಿ ಬಿದ್ದವು, ಅವುಗಳಲ್ಲೊಂದು ಚಾಪೆಯಂಚು ದಾಟಿ ಕಂಬದ ಮಗ್ಗುಲಿಗೆ ಹೋಗಿತ್ತು. ಅವನು ಅಂಗೈಯಿಂದ ಎಲ್ಲವನ್ನೂ ಗುಡಿಸಿಕೊಂಡು "ಮೂರು" ಎಂದ. ಒಬ್ಬ ಸತ್ತ. ಸತ್ತವನು ಹುಟ್ಟಿಯೇ ಇರಲಿಲ್ಲ ಎಂಬುದು ನಿಜ. ಆದರೆ ನಾಲ್ಕು ದಿನದಿಂದ ಪಾರ್ಥಸಾರಥಿಗೆ ಊಟ ಸೇರುತ್ತಿಲ್ಲ ಎಂಬುದೂ ಅಷ್ಟೇ ನಿಜ.

ಆಟ ಅವನೇ ಕಟ್ಟಿದ್ದು. ವರ್ಷದ ಹಿಂದೆ, ಯಾರಿಗೂ ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲದೆ, ಉಳಿದುಹೋದ ಒಂದು ತುಂಡು ಟ್ರೇಸಿಂಗ್ ಬಟ್ಟೆಯ ಮೇಲೆ ಅವನು ಎಲ್ಲೂ ಇಲ್ಲದ ಒಂದು ನಾಲೆಯನ್ನು ಎಳೆದ. ನಾಲೆ ಎಂದಮೇಲೆ ತೂಬು ಬೇಕಾಯಿತು. ತೂಬಿದ್ದರೆ ಅದನ್ನು ಅಡ್ಡಗಟ್ಟಿ ಕೂರುವುದಕ್ಕೆ ಯಾರಾದರೂ ಬೇಕಲ್ಲ, ಒಂದು ಭೂತ ಬಂತು. ಹೀಗೆ ತಿಂಗಳೊಪ್ಪತ್ತಿನಲ್ಲಿ ಎಂಟು ತೂಬುಗಳಾದವು, ಎಂಟು ಊರುಗಳಾದವು, ನೀರನ್ನು ಹಿಡಿದಿಟ್ಟುಕೊಂಡ ಎಂಟು ಭಯಂಕರ ಜೀವಗಳಾದವು, ನೀರಿಲ್ಲದೆ ಬಾಯಾರಿದ ಒಂದು ಇಡೀ ಸೀಮೆಯಾಯಿತು. ಆ ಮೊದಲನೆಯ ನಕ್ಷೆಯನ್ನು ಹೆಂಡತಿ ರಂಗನಾಯಕಿ ಒಗೆದುಬಿಟ್ಟಳು. ಟ್ರೇಸಿಂಗ್ ಬಟ್ಟೆಯ ಗಂಜಿ ಬಿಡಿಸಿದರೆ ಒಳಗೆ ಮಲ್ಲಿನಂಥ ನಯವಾದ ಬಟ್ಟೆ ಸಿಗುತ್ತದೆ. ಟ್ರೇಸರುಗಳ ಮನೆಯ ಕರವಸ್ತ್ರಗಳೆಲ್ಲ ಹಾಗೆ ಬಂದವೇ. "ಏನೋ ಗೀಚಿದ್ರಿ, ಬೇಡದ್ದು ಅಂದ್ಕೊಂಡೆ ರೀ" ಎಂದು ಅವಳು ತಂತಿಯ ಮೇಲೆ ಒಂದು ಬಿಳಿಯ ಚೌಕವನ್ನು ಹರವಿದಾಗ ಪಾರ್ಥಸಾರಥಿ ಸಿಟ್ಟಾಗಲಿಲ್ಲ. ಎಂಟು ಊರೂ ನೀಲಿ ನೀರಾಗಿ ಬಚ್ಚಲಿಗೆ ಹೋಗಿದ್ದವು, ಆದರೂ ಕಣ್ಣು ಮುಚ್ಚಿದರೆ ಒಂದೊಂದು ತಿರುವೂ ಕಾಣುತ್ತಿತ್ತು. ಯಾರದೋ ಗೆರೆಯಾಗಿದ್ದರೆ ಹೀಗೆ ನೆನಪಿರುತ್ತಿರಲಿಲ್ಲ. ಅಂದೇ ಇನ್ನೊಂದು ತುಂಡು ಹಾಸಿ ಎರಡನೆಯ ಸಲ ಎಳೆದ, ಎಳೆಯುವಾಗ ಸಣ್ಣಗೆ ಹಾಡಿಕೊಳ್ಳುತ್ತಿದ್ದ ಎಂದು ರಂಗನಾಯಕಿ ಈಗಲೂ ಅಣಕಿಸುತ್ತಾಳೆ.

ಆಡುವ ಕ್ರಮ ಸರಳ. ಒಬ್ಬೊಬ್ಬರಿಗೆ ಒಂದೊಂದು ಆಳು. ಆಳಿನ ಚೀಟಿಯಲ್ಲಿ ಅವನ ಬಲ ಇಷ್ಟು, ಯುಕ್ತಿ ಇಷ್ಟು, ಉಸಿರು ಇಷ್ಟು ಎಂದು ಬರೆದಿರುತ್ತದೆ. ಪಾರ್ಥಸಾರಥಿ ಸೀಮೆಯನ್ನು ಹೇಳುತ್ತಾನೆ: ಇಲ್ಲಿ ದಾರಿ ಕವಲಾಯಿತು, ಇಲ್ಲಿ ಬೇಲಿಯ ಹಿಂದೆ ಏನೋ ಅಲುಗಿತು, ಈಗ ಏನು ಮಾಡ್ತೀರಿ? ಅವರು ಮಾಡುವುದನ್ನು ಹೇಳಬೇಕು, ಕವಡೆ ಎಸೆಯಬೇಕು. ಬಾಯಿ ಮೇಲಾಗಿ ಬಿದ್ದವು ನಾಲ್ಕೋ ಹೆಚ್ಚೋ ಇದ್ದರೆ ಕೆಲಸ ಕೈಗೂಡಿತು, ಕಡಿಮೆಯಾದರೆ ಉಸಿರು ಕಡಿಮೆಯಾಯಿತು. ಉಸಿರು ಮುಗಿದರೆ ಆಳು ಸತ್ತ. ಯುಗಾದಿಗೆ ಮಳವಳ್ಳಿಗೆ ಹೋದಾಗ ಭಾವಮೈದುನ ಅನಂತರಾಮುವಿಗೆ ಇದನ್ನೆಲ್ಲ ಹಾಸಿ ವಿವರಿಸಿದ್ದ. ಅನಂತರಾಮು ಅರ್ಧ ಗಂಟೆ ಕೇಳಿ, "ಸರಿ, ಗೆಲ್ಲೋದು ಯಾರು ಭಾವ?" ಎಂದ. ಹಾಗೆ ಗೆಲ್ಲುವವರು ಅಂತ ಯಾರೂ ಇಲ್ಲ ಎಂದಾಗ, "ಗೆಲ್ಲೋರೇ ಇಲ್ದೆ ಇರೋ ಆಟಕ್ಕೆ ಇಷ್ಟೊಂದು ಮಸಿ ಖರ್ಚು ಮಾಡಿದ್ರಾ?" ಎಂದು ಒಬ್ಬಟ್ಟಿನ ತಟ್ಟೆಯನ್ನು ಎರಡನೆಯ ತೂಬಿನ ಮೇಲೇ ಇಟ್ಟ. ಮಕ್ಕಳ ಪತ್ರಿಕೆಯೊಂದಕ್ಕೆ ಬರೆದು ಕಳಿಸಿದ್ದಕ್ಕೆ, ಕವಡೆ ಇರುವುದರಿಂದ ಇದು ಎಳೆಯರಲ್ಲಿ ಜೂಜಿನ ಚಟ ಬೆಳೆಸೀತು ಎಂದು ಕಾರ್ಡು ಬಂತು. ಆ ಕಾರ್ಡನ್ನು ಅವನು ಹರಿಯಲಿಲ್ಲ. ಎಲ್ಲೋ ಒಂದು ಕಡೆ ಒಬ್ಬರು ಓದಿದ್ದಾರೆ ಎಂಬುದಕ್ಕೆ ಅದೊಂದೇ ಸಾಕ್ಷಿ.

ಕೊನೆಗೆ ಆಡಲು ಸಿಕ್ಕವರು ಮೂವರು. ಹೆಡ್ ಕ್ಲಾರ್ಕ್ ಶ್ಯಾಮಣ್ಣ ಸಿಪಾಯಿಯಾದ. ಕತ್ತಿ ಮೊಂಡಾದೀತು ಎಂದು ಇವತ್ತಿನವರೆಗೂ ಒರೆಯಿಂದ ತೆಗೆದಿಲ್ಲ. ಎದುರುಮನೆಯ ಮೇಷ್ಟ್ರು ರಾಮಲಿಂಗಯ್ಯ ಪಂಡಿತನಾದರು. ಯಾರಿಗೂ ಬೇಡವಾದ ಕಳ್ಳನ ಚೀಟಿ ಉಳಿಯಿತು. ಅದನ್ನು ಆಫೀಸಿನ ಚೈನ್‌ಮನ್ ಕರಿಸಿದ್ದಯ್ಯನಿಗೆ ಕೊಟ್ಟರು. ಕೊಡುವಾಗ ಯಾರಿಗೂ ಏನೂ ಅನ್ನಿಸಲಿಲ್ಲ, ಪಾರ್ಥಸಾರಥಿಗೂ ಅನ್ನಿಸಲಿಲ್ಲ. ಅಳತೆಯ ಸರಪಳಿ ಹಿಡಿದು ಹನ್ನೊಂದು ವರ್ಷ ಗದ್ದೆಬಯಲು ತುಳಿದಿದ್ದ ಕರಿಸಿದ್ದಯ್ಯ ನಕ್ಷೆಯನ್ನು ಒಂದು ಗಳಿಗೆ ನೋಡಿ, "ಸ್ವಾಮಿ, ಈ ಐದ್ನೇ ತೂಬ್ಗೆ ನೀರು ಅತ್ತಲ್ಲ. ದಿಣ್ಣೆ ಅಲ್ವಾ ಇದು?" ಎಂದ. ಎಲ್ಲರೂ ನಕ್ಕರು. ದೇವರು ಮಾಡಿದ ಸೀಮೆಗೇ ಲೆವೆಲ್ ತಪ್ಪಿದೆಯಂತೆ! ಪಾರ್ಥಸಾರಥಿಯ ಕಿವಿ ಬಿಸಿಯಾಯಿತು, ಆದರೆ ನೀರು ಹತ್ತುವುದಿಲ್ಲ ಎಂಬುದು ದಿಟವಾಗಿತ್ತು. ಮುಂದಿನ ಶನಿವಾರದೊಳಗೆ ಐದನೆಯ ತೂಬನ್ನು ಎರಡು ಅಂಗುಲ ಕೆಳಗೆ ತಂದ. ಅಲ್ಲಿಂದ ಶುರುವಾಯಿತು ನೋಡಿ.

ಕರಿಸಿದ್ದಯ್ಯ ತನ್ನ ಆಳಿಗೆ ಬೈರ ಎಂದು ಹೆಸರಿಟ್ಟ. ಉಳಿದವರು ಆಳಿಗೆ ಹೆಸರಿಡಬಹುದು ಎಂದೇ ಯೋಚಿಸಿರಲಿಲ್ಲ. ಬೈರ ಕಳ್ಳನಾದರೂ ಕದಿಯಲಿಲ್ಲ. ಮೂರನೆಯ ತೂಬಿನ ರಕ್ಕಸಿಯನ್ನು ಪಾರ್ಥಸಾರಥಿ ಹದಿನೈದು ದಿನ ಯೋಚಿಸಿ ಮಾಡಿದ್ದ, ಅವಳಿಗೆ ಎಂಟು ಕೈ, ಬಲ ಹನ್ನೆರಡು. ಸಿಪಾಯಿ ಹೆದರಿ ಹಿಂದೆ ನಿಂತ, ಪಂಡಿತ ಶ್ಲೋಕ ಹೇಳಿ ಏಟು ತಿಂದ. ಬೈರ ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು, "ನಿಂಗೆ ಮಕ್ಳು ಮರಿ ಏನಾದ್ರೂ ಅವಾ ತಾಯಿ?" ಎಂದು ಕೇಳಿದ. ಜಗಲಿಯ ಮೇಲೆ ಎಲ್ಲರೂ ಪಾರ್ಥಸಾರಥಿಯ ಬಾಯಿ ನೋಡುತ್ತಿದ್ದರು. ಬೆವರು ಒರೆಸಿಕೊಂಡು, ಇವೆ, ಎರಡು, ಎಂದ. "ಅವ್ಕೆ ನೀರೆಲ್ಲಿಂದ ತತ್ತೀಯೆ?" ಎಂದ ಬೈರ. ಅರ್ಧ ಗಂಟೆಯಲ್ಲಿ ರಕ್ಕಸಿ ಅಳುತ್ತ ತೂಬಿನ ಮೇಲಿಂದ ಎದ್ದಳು. ಅವಳನ್ನು ಏಳಿಸಿದ್ದು ಯಾರು, ತಾನೋ ಅವನೋ ಪಾರ್ಥಸಾರಥಿಗೆ ತಿಳಿಯಲಿಲ್ಲ. ಅಂದು ಸಂಜೆ ಅವನು ಬದುಕಿನಲ್ಲಿ ಎಂದೂ ಪಡದಷ್ಟು ಸಂತೋಷಪಟ್ಟ. ಮಾರನೆಯ ದಿನದಿಂದ ಹೊಟ್ಟೆಕಿಚ್ಚು ಹತ್ತಿಕೊಂಡಿತು.

ಶನಿವಾರ ಮಧ್ಯಾಹ್ನ ಆಫೀಸು ಬಿಟ್ಟ ಮೇಲೆ ಬೀದಿಯವರು ಬಂದು ಜಗಲಿಯ ಕೆಳಗೆ ಕೂರತೊಡಗಿದರು. "ಕರಿಸಿದ್ದಯ್ಯ ಬಂದ್ನಾ? ಸುರುವಾಯ್ತಾ?" ಎನ್ನುವರು. ಪಾರ್ಥಸಾರಥಿ ಬಂದನೇ ಎಂದು ಯಾರೂ ಕೇಳುವಂತಿಲ್ಲ, ಅವನ ಮನೆಯೇ ಅದು. ಕರಿಸಿದ್ದಯ್ಯ ಆಟ ಮುಗಿಸಿ ಸಂಜೆಯ ಬಸ್ಸಿಗೆ ಊರಿಗೆ ಹೋಗಿ ಅಂದಿನ ಕಥೆಯನ್ನೆಲ್ಲ ತಾಯಿಗೆ ಒಪ್ಪಿಸುತ್ತಾನಂತೆ. "ನಮ್ಮವ್ವ ಮುಂದೇನಾಯ್ತು ಅಂತ ವಾರೆಲ್ಲ ನನ್ ಜೀವ ತಿಂತಾಳೆ ಸ್ವಾಮಿ" ಎಂದು ನಗುತ್ತಿದ್ದ. ಇರಲಿ ಎಂದುಕೊಳ್ಳಬಹುದಿತ್ತು. ಆದರೆ ಹೋದ ವಾರ, ಆ ಸೀಮೆಯ ಬಗ್ಗೆ ಒಂದು ದಿನವೂ ಒಂದು ಮಾತು ಕೇಳದ ರಂಗನಾಯಕಿ, ಬಟ್ಟೆ ಮಡಿಸುತ್ತ, "ಆ ಬೈರ ಏನಾದ ರೀ? ಏಳನೇ ತೂಬಿಗೆ ಹೋದ್ನಾ?" ಎಂದಳು. ಹೆಂಡತಿಗೆ ಬೈರ ಗೊತ್ತು! ಎರಡೆರಡು ಸಲ ಎಳೆದ ಇಡೀ ಸೀಮೆ ಅವಳಿಗೆ ಒಂದು ಕರವಸ್ತ್ರ, ಬೈರ ಮಾತ್ರ ಮನುಷ್ಯ. ಪಾರ್ಥಸಾರಥಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ಶನಿವಾರವೇ, ಬೈರ ಏಳನೆಯ ತೂಬಿನ ಮಡುವಿಗೆ ಇಳಿದಾಗ, ಕವಡೆ ಬಿದ್ದದ್ದು, ಅವನು ಗುಡಿಸಿದ್ದು. "ಮೂರು. ಉಸಿರು ಮುಗೀತು." ಜಗಲಿಯ ಕೆಳಗೆ ಯಾರೋ ಅಯ್ಯೋ ಎಂದರು. ಕರಿಸಿದ್ದಯ್ಯ ಕಂಬದ ಕಡೆ ಒಮ್ಮೆ ನೋಡಿ, ಚೀಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, "ಬತ್ತೀನಿ ಸ್ವಾಮಿ" ಎಂದು ಎದ್ದುಹೋದ. ಸೋಮವಾರ, ಮಂಗಳವಾರ ಅವನು ಸರಪಳಿಯ ಹಿಂದೆ ಬಯಲಲ್ಲಿದ್ದ, ಮುಖ ಸಿಕ್ಕಿರಲಿಲ್ಲ.

"ಪಾರ್ಥಸಾರಥಿ, ಇದನ್ನ ನೋಡ್ದ್ಯಾ?" ಎಂದು ಬುಧವಾರ ಶ್ಯಾಮಣ್ಣ ತನ್ನ ಮೇಜಿನಿಂದ ಒಂದು ಹಾಳೆ ಎತ್ತಿ ತೋರಿಸಿದ. ಕರಿಸಿದ್ದಯ್ಯನ ರಜೆ ಅರ್ಜಿ. ನಮ್ಮ ಮನೆಗೆ ಸೇರಿದವರೊಬ್ಬರು ಶನಿವಾರ ತೀರಿಕೊಂಡಿದ್ದು, ಬುಧವಾರ ಹಾಲುತುಪ್ಪ ಬಿಡುವ ಕಾರ್ಯ ಇರುವುದರಿಂದ ಒಂದು ದಿನದ ರಜೆ ದಯಪಾಲಿಸಬೇಕಾಗಿ ಪ್ರಾರ್ಥನೆ. ದುಂಡಗಿನ ಅಕ್ಷರ, ಕೆಳಗೆ ಸಹಿ. "ತಾಯೀನೇ ಇರ್ಬೇಕು ಕಣಯ್ಯ, ಪಾಪ. ಮುದುಕಿ ಒಬ್ಳಿದ್ಳಲ್ಲ ಊರಲ್ಲಿ. ಒಂದು ಮಾತು ಹೇಳ್ಲಿಲ್ಲ ನೋಡು" ಎಂದ ಶ್ಯಾಮಣ್ಣ. ಶನಿವಾರ. ಪಾರ್ಥಸಾರಥಿ ಬ್ಲೇಡನ್ನು ಬೋರ್ಡಿನ ಮೇಲಿಟ್ಟ. ಶನಿವಾರ ಬೈರ ಸತ್ತ, ಮಗ ಮನೆಗೆ ಹೋಗಿ ಹೇಳಿದ, ಮುದುಕಿ ಕೇಳಿದಳು. ಆಮೇಲೆ? ಎದೆ ಒಡೆದುಕೊಂಡು ಸಾಯುವಷ್ಟು ದೊಡ್ಡದೇ ತನ್ನ ಆಟ? ಛೇ, ಇದೇನು ಹೊಗಳಿಕೆಯೋ ಹೀನಾಯವೋ. ಸಾವಿನ ಮನೆಯಲ್ಲೂ ತನ್ನ ಆಟವನ್ನೇ ನಡುವೆ ತಂದು ಕೂರಿಸುವ ಮನಸ್ಸಿಗೆ ಅವನಿಗೇ ಅಸಹ್ಯವಾಯಿತು. ಆದರೂ ಮೂರು ಎಂದದ್ದು ತನ್ನ ಬಾಯಿ. ಆ ಕಥೆಯೇ ಅವಳು ಮಗನ ಬಾಯಿಂದ ಕೇಳಿದ ಕೊನೆಯ ಮಾತಾಗಿದ್ದರೆ, ಅವಳು ಹೊತ್ತುಕೊಂಡು ಹೋದದ್ದು ಒಂದು ಸುಳ್ಳನ್ನು. ಇವತ್ತೇ ಹೋಗಿ ಕರಿಸಿದ್ದಯ್ಯನ ಮುಂದೆ ಹೇಳಿಬಿಡಬೇಕು ಅನ್ನಿಸಿತು. ಹೇಳದೆ ಇದ್ದರೆ ಇನ್ನು ಅವನ ಮುಖ ನೋಡುವುದಾಗುವುದಿಲ್ಲ. ಎಪ್ಪತ್ತಾರನೆಯ ಇಸವಿ, ತುರ್ತು ಪರಿಸ್ಥಿತಿಯ ದಿನಗಳು, ರಜೆ ಕೇಳುವವನನ್ನು ದೇಶದ್ರೋಹಿಯ ಹಾಗೆ ನೋಡುತ್ತಿದ್ದ ಕಾಲ. "ಹೊಟ್ಟೆನೋವು ಅಂತ ಬರ್ಕೋ ಶ್ಯಾಮಣ್ಣ" ಎಂದು ಹೊರಟುಬಿಟ್ಟ. ಅದರಲ್ಲಿ ಪೂರ್ತಿ ಸುಳ್ಳೇನೂ ಇರಲಿಲ್ಲ.

ಮದ್ದೂರಿನವರೆಗೆ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಕಬ್ಬಿನ ಗಾಡಿಗಳ ಸಾಲು ದಾಟುವಷ್ಟು ಹೊತ್ತು ಬಸ್ಸು ನಿಂತಿತ್ತು. ಹನ್ನೊಂದು ವರ್ಷದಲ್ಲಿ ಕರಿಸಿದ್ದಯ್ಯ ತನ್ನ ಮನೆಗೆ ನೂರು ಸಲ ಬಂದಿದ್ದಾನೆ, ಹಬ್ಬಕ್ಕೆ ಬಾಳೆ ಎಲೆ ತಂದಿದ್ದಾನೆ, ಮನೆಯಲ್ಲೇ ಇರುವ ಸೋದರತ್ತೆ ತಿರುಮಲಮ್ಮನವರ ಕಾಲು ಉಳುಕಿದಾಗ ಎಣ್ಣೆ ತಂದಿದ್ದಾನೆ, ಜಗಲಿಯ ಮೇಲೆ ಕೂತು ಕಾಫಿ ಕುಡಿದಿದ್ದಾನೆ. ಜಗಲಿಯಿಂದ ಒಳಗೆ ಬಾ ಎಂದು ಯಾರೂ ಹೇಳಿಲ್ಲ, ಅವನೂ ಬಂದಿಲ್ಲ. ಏಳನೆಯ ತೂಬಿನವರೆಗೆ ಬೈರನನ್ನು ಬಿಟ್ಟುಕೊಂಡವನಿಗೆ ಮನೆಯ ಹೊಸಲು ಕಾಣಲಿಲ್ಲವಲ್ಲ ಎಂದು ಈಗ ಕಬ್ಬಿನ ಗಾಡಿಗಳನ್ನು ನೋಡುತ್ತ ಅನ್ನಿಸಿತು. ಅವನ ಊರು ಕೊಕ್ಕರೆ ಬೆಳ್ಳೂರಿಗೆ ತಾನು ಒಂದು ಸಲವೂ ಹೋಗಿಲ್ಲ. ಅವನ ತಾಯಿಯ ಮುಖ ಹೇಗಿದೆ ಎಂದೂ ಗೊತ್ತಿಲ್ಲ, ಹೆಸರೊಂದು ಗೊತ್ತು, ಚಿಕ್ಕನಂಜಮ್ಮ. ಸಾಯುವವರೆಗೆ ಕಾದು ಈಗ ಹೋಗುತ್ತಿದ್ದೇನೆ. ಮದ್ದೂರಿನಲ್ಲಿ ಇಳಿದು, ಸಾವಿನ ಮನೆಗೆ ಏನು ಒಯ್ಯಬೇಕು ಎಂದು ತಿಳಿಯದೆ ಒಂದು ಚಿಪ್ಪು ಬಾಳೆಹಣ್ಣು ಕೊಂಡ. ಕೊಂಡ ಮೇಲೆ, ಸಾವಿನ ಮನೆಗೆ ಹಣ್ಣು ಒಯ್ಯುತ್ತಾರೆಯೇ ಎಂದು ಅನುಮಾನ ಬಂತು. ಕೇಳೋಣವೆಂದರೆ ಹಣ್ಣಿನವಳು ಇನ್ನೊಬ್ಬರ ಜೊತೆ ಜಗಳದಲ್ಲಿದ್ದಳು. ಕೊಕ್ಕರೆ ಬೆಳ್ಳೂರಿನ ಬಸ್ಸು ಹೊರಡುವವರೆಗೂ ಚಿಪ್ಪನ್ನು ಒಮ್ಮೆ ಎಡಗೈಗೆ ಒಮ್ಮೆ ಬಲಗೈಗೆ ಬದಲಾಯಿಸುತ್ತ ನಿಂತಿದ್ದ.

ಊರಿನ ಹುಣಸೆ ಮರಗಳ ತುಂಬ ಗೂಡು ಕಟ್ಟಿದ ಕೊಕ್ಕರೆಗಳು ಕೊಕ್ಕು ಬಡಿಯುತ್ತಿದ್ದವು. ಬಿಳಿಯ ಹಿಕ್ಕೆ ಬಿದ್ದ ಅಂಗಳವೊಂದರಲ್ಲಿ ಮುದುಕಿಯೊಬ್ಬಳು ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಳು. ಕರಿಸಿದ್ದಯ್ಯನ ಮನೆ ಇದೇ ಎಂದು ದಾರಿಯವರು ಹೇಳಿದ್ದರು. ಸತ್ತವಳ ತಂಗಿಯೋ ಓರಗಿತ್ತಿಯೋ ಇರಬೇಕೆಂದು ಪಾರ್ಥಸಾರಥಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಹೊರಗೆ ಬಂತು.

"ಮಂಡ್ಯದ ಆಫೀಸಿಂದ ಬಂದೆನಮ್ಮ. ಚಿಕ್ಕನಂಜಮ್ಮನೋರು ಹೋಗ್ಬಿಟ್ರು ಅಂತ ಇವತ್ತು ಗೊತ್ತಾಯ್ತು. ಒಂದು ಸಲಾನಾದ್ರೂ ನೋಡ್ಬೇಕಿತ್ತು ಅವರನ್ನ."

ಮುದುಕಿ ಮೊರವನ್ನು ಕೆಳಗಿಟ್ಟಳು. "ಎಲ್ಲಿಗ್ ಓದ್ಲು?"

"ತೀರ್ಕೊಂಡ್ರಂತಲ್ಲ. ಶನಿವಾರ."

"ನಾನಾ? ನಂಗೇ ಯಾರೂ ಯೋಳ್ಲಿಲ್ವಲ್ಲಪ್ಪ!" ಎಂದು ಅವಳು ಒಳಕ್ಕೆ ತಿರುಗಿ, "ಏ ರೇವಮ್ಮ, ಬಾರವ್ವ ಇಲ್ಲಿ. ನಾನ್ ಸತ್ತೋದೆ ಅಂತ ಯಾರೋ ಬಾಳೆಅಣ್ ತಂದವ್ರೆ" ಎಂದು ಕೂಗಿದಳು.

ಒಳಗಿನಿಂದ ಸೊಸೆ ರೇವಮ್ಮ ಬಂದು ಸೆರಗು ಬಾಯಿಗೆ ಒತ್ತಿಕೊಂಡಳು. ಹಿತ್ತಲಿನಿಂದ ಕೈ ಮಣ್ಣು ಮಾಡಿಕೊಂಡ ಕರಿಸಿದ್ದಯ್ಯ ಬಂದ. ಅಂಗಳದ ನಡುವೆ ಬಾಳೆಹಣ್ಣಿನ ಚಿಪ್ಪು ಹಿಡಿದು ನಿಂತ ಪಾರ್ಥಸಾರಥಿಯನ್ನು ನೋಡಿ ಮಣ್ಣಿನ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಪಾರ್ಥಸಾರಥಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆದರೆ ಅದರ ಅಡಿಯಲ್ಲಿ ತಣ್ಣಗೆ ಒಂದು ನೆಮ್ಮದಿಯೂ ಹರಿಯುತ್ತಿತ್ತು. ಬದುಕಿದ್ದಾಳೆ. ಸಣ್ಣ ಕಣ್ಣು, ಅಗಲವಾದ ಹಣೆ, ಮೂಗಿನ ಎರಡು ಕಡೆಗೂ ಬೇಸರಿ. ಹಾಗಾದರೆ ಸತ್ತವರು ಯಾರು?

"ಬೈರ, ಸ್ವಾಮಿ" ಎಂದ ಕರಿಸಿದ್ದಯ್ಯ, ತಲೆ ತಗ್ಗಿಸಿಕೊಂಡು. "ನಮ್ಮವ್ವ ಬುಡ್ಲಿಲ್ಲ. ಜ್ವರ ಅಂತ ಸುಳ್ ಬರಿಯಾಕೆ ಮನಸು ಬರ್ನಿಲ್ಲ, ಇದ್ದುದ್ನೇ ಬರ್ದೆ."

"ಬುಡಾಕಾಯ್ತದಾ?" ಎಂದಳು ಚಿಕ್ಕನಂಜಮ್ಮ. "ಒಂಬತ್ ತಿಂಗ್ಳು ವಾರವಾರ ಈ ಮನೇಗ್ ಬಂದೋನು. ಆಟ ಅಂತ ನಂಗೂ ಗೊತ್ತು ಕಣಪ್ಪ, ನಾನೇನ್ ಮಂಕಲ್ಲ. ಗೊತ್ತಿದ್ರೂ ಅವ್ನಿಗೆ ಯಾರವ್ರೆ? ಅವ್ವ ಇಲ್ಲ, ಅಪ್ಪ ಇಲ್ಲ. ನೀರಲ್ಲಿ ಸತ್ತೋನ್ನ ಅಂಗೇ ಬುಟ್ರೆ ಬಾಯಾರ್ಕೊಂಡು ತಿರುಗ್ತನೆ. ಮೂರನೇ ದಿನ ಮಾಡ್ಬೇಕಿತ್ತು, ಆಲು ಸಾಲ್ಲಿಲ್ಲ. ಮಂಗ್ಳಾರ ಬ್ಯಾಡ ಅಂತ ಇವತ್ತು ಇಟ್ಕಂಡೊ. ನೀನ್ಯಾರಪ್ಪ, ಆಪೀಸ್ನೋನು?"

"ಇವ್ರೇ ಕಣವ್ವ, ಆಟದ ಸ್ವಾಮಿಗಳು."

ಮುದುಕಿ ಅವನನ್ನು ಉದ್ದಕ್ಕೂ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗೌರವವೂ ಇರಲಿಲ್ಲ. ಮಗನ ಸ್ನೇಹಿತ ಸಣಕಲಾಗಿದ್ದಾನಲ್ಲ ಎಂಬಂಥ ನೋಟ. "ಒಳ್ಳೇ ಒತ್ತಿಗೆ ಬಂದೆ ಕಣಪ್ಪ" ಎಂದು ಎದ್ದಳು. "ಎಡೆಗೆ ಏನ್ ಇಕ್ಬೇಕು ಅಂತ ಬೆಳಗ್ನಿಂದ ಒದ್ದಾಡ್ತಿವ್ನಿ. ಸತ್ತೋರ್ಗೆ ಅವ್ರು ಇಷ್ಟಪಡ್ತಿದ್ದುದ್ದ ಇಕ್ಬೇಕು. ಮುದ್ದೆ ಮಾಡಿವ್ನಿ, ಅವರೆಕಾಳು ಸಾರು ಆಯ್ತದೆ. ನೀನ್ ಯೋಳು, ಬೈರ ಏನ್ ಇಷ್ಟಪಟ್ ಉಣ್ಣೋನು?"

ಪಾರ್ಥಸಾರಥಿ ಬಾಯಿ ತೆರೆದ. ಎಂಟು ಊರುಗಳ ಒಂದೊಂದು ಸಂದಿಯೂ ಅವನ ಕಣ್ಣ ಮುಂದೆ ಬಂತು. ಗುಹೆಗಳಿದ್ದವು, ಪಾಳುಗೋಡೆಗಳಿದ್ದವು, ಮಾತಾಡುವ ಗೂಬೆಯಿತ್ತು. ಒಲೆ ಇರಲಿಲ್ಲ. ಇಡೀ ಸೀಮೆಯಲ್ಲಿ ಒಂದು ಮನೆಯಲ್ಲೂ ಅಡಿಗೆಯಾಗುತ್ತಿರಲಿಲ್ಲ. ಬೈರ ಒಂಬತ್ತು ತಿಂಗಳು ಆರು ತೂಬು ದಾಟಿ ಏಳನೆಯದಕ್ಕೆ ನಡೆದ, ಒಂದು ಹೊತ್ತೂ ಉಣ್ಣಲಿಲ್ಲ. ಅವನಿಗೆ ಹಸಿವಾಗಬಹುದೆಂದು ಅವನನ್ನು ನಡೆಸಿದವನಿಗೆ ಹೊಳೆಯಲೇ ಇಲ್ಲ. ಹೊತ್ತಿಗೆ ಸರಿಯಾಗಿ ಎಲೆ ಹಾಕಿ ಕರೆಯುವವರಿದ್ದ ಮನೆಯಲ್ಲಿ ಹುಟ್ಟಿದವನ ಸೀಮೆ ಹೀಗೇ ಇರುತ್ತದೆಯೇನೋ. "ಗೊತ್ತಿಲ್ಲಮ್ಮ" ಎಂದ.

"ಅದ್ಕೇ ಇವ್ನು ಅಂಗ್ ಅಂತಿದ್ದ" ಎಂದಳು ಅವಳು. "ವಾರವಾರ ಕೇಳೋಳು, ಏನುಂಡ್ನೋ ಬೈರ ಅಂತ. ಸ್ವಾಮಿಗಳು ಯೋಳ್ಲಿಲ್ಲ ಅವ್ವ ಅನ್ನೋನು. ನಾನೇ ಮನಸ್ನಲ್ಲೇ ಒಂದ್ ಮುದ್ದೆ ಇಕ್ಬುಡ್ತಿದ್ದೆ. ಉಪ್ಪುಸಾರು, ಮ್ಯಾಲೊಂದು ಈರುಳ್ಳಿ. ಅದೇ ಇರ್ಲಿ ಬುಡು."

ಹಿತ್ತಲಿನಾಚೆ, ಬದುವಿನ ಮೇಲೆ, ಒಂದು ಮೊಳ ಉದ್ದದ ಮಣ್ಣಿನ ಗುಡ್ಡೆ ಇತ್ತು. ಕರಿಸಿದ್ದಯ್ಯನ ಕೈಯ ಮಣ್ಣು ಅದರದೇ. ಒಳಗೆ ನಾಲ್ಕಾಗಿ ಮಡಿಸಿದ ಚೀಟಿ ಇದೆ ಎಂದು ಅವನು ಸಂಕೋಚದಿಂದ ಹೇಳಿದ. ಪಾರ್ಥಸಾರಥಿಯ ಕೈಬರಹ: ಬಲ ನಾಲ್ಕು, ಯುಕ್ತಿ ಏಳು, ಉಸಿರು ಹತ್ತು. ರೇವಮ್ಮ ಎಲೆ ಹಾಸಿ ಎಡೆ ಇಟ್ಟಳು. ಬಾಳೆಹಣ್ಣನ್ನೂ ಇಟ್ಟಳು, ಅದಾದರೂ ಸರಿಹೋಯಿತು. ಮರದ ಮೇಲಿನ ಕೊಕ್ಕರೆಗಳನ್ನು ತವರಿಗೆ ಬಂದ ಬಾಣಂತಿಯರು ಎನ್ನುವ ಊರು ಇದು. ಇಲ್ಲದವನಿಗೆ ಒಂದು ಎಲೆ ಹಾಕುವುದು ಅವರಿಗೆ ಹೆಚ್ಚಲ್ಲವೇನೋ ಎಂದುಕೊಂಡ ಪಾರ್ಥಸಾರಥಿ. ಮನೆಗೆ ಹೋದರೆ ಅತ್ತೆ ಸ್ನಾನ ಮಾಡು ಎನ್ನುತ್ತಾರೆ, ಹುಟ್ಟದವನ ಸಾವಿಗೆ ಸ್ನಾನ ಉಂಟೋ ಇಲ್ಲವೋ ಎಂಬ ವಿಚಾರ ಯಾಕೋ ಬಂದು ಹೋಯಿತು. ಯಾರೂ ನಗುತ್ತಿರಲಿಲ್ಲ. ಮಳವಳ್ಳಿಯಲ್ಲಿ, ಆಫೀಸಿನಲ್ಲಿ, ತನ್ನ ಜಗಲಿಯ ಮೇಲೆ, ಎಲ್ಲಿಯೂ ತನ್ನ ಸೀಮೆಯನ್ನು ಯಾರೂ ಇಷ್ಟು ನಿಜವೆಂದು ನಂಬಿರಲಿಲ್ಲ. ತಾನೂ ನಂಬಿರಲಿಲ್ಲ. ನಂಬಿದ್ದರೆ ಕವಡೆ ಗುಡಿಸುತ್ತಿದ್ದೆನೇ?

ಚಿಕ್ಕನಂಜಮ್ಮ ಗರಿಕೆಯನ್ನು ಹಾಲುತುಪ್ಪದಲ್ಲಿ ಅದ್ದಿ ಮೂರು ಸಲ ಬಿಟ್ಟಳು. ರೇವಮ್ಮ ಬಿಟ್ಟಳು, ಕರಿಸಿದ್ದಯ್ಯ ಬಿಟ್ಟ. ಆಮೇಲೆ ಬಟ್ಟಲು ಪಾರ್ಥಸಾರಥಿಯ ಕೈಗೆ ಬಂತು. "ಬುಡು ಮಗ. ನಿಂಗೂ ಆಗ್ಬೇಕಾದೋನೇ ಅಲ್ವಾ" ಎಂದಳು ಮುದುಕಿ. ಗರಿಕೆಯ ತುದಿಯಿಂದ ಒಂದು ಹನಿ ಅವನ ಪಾದದ ಮೇಲೆ ಬಿತ್ತು. ಈಗ ಹೇಳದೆ ಹೋದರೆ ಇನ್ನೆಂದೂ ಹೇಳುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

"ನಾಲ್ಕು ಬಿದ್ದಿತ್ತು" ಎಂದ. ಧ್ವನಿ ಅವನದೇ ಅನ್ನಿಸಲಿಲ್ಲ. "ಕರಿಸಿದ್ದಯ್ಯ, ಅವತ್ತು ಬಿದ್ದಿದ್ದು ನಾಲ್ಕು. ನಾನು ಮೂರು ಅಂದೆ. ಎಲ್ರೂ ನಿನ್ನನ್ನೇ ಕೇಳ್ತಿದ್ರು. ನನ್ನ ಹೆಂಡ್ತೀನೂ ಬೈರನ್ನೇ ಕೇಳಿದ್ಳು. ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ. ಹೊಟ್ಟೆಕಿಚ್ಚಿಗೆ ಕೊಂದೆ."

"ಗೊತ್ತು ಸ್ವಾಮಿ" ಎಂದ ಕರಿಸಿದ್ದಯ್ಯ.

"ಗೊತ್ತಿತ್ತಾ? ಮತ್ತೆ ಯಾಕೆ ಸುಮ್ನಿದ್ದೆ?"

"ಕಂಬದ್ ತಾವ ಬಿದ್ದಿದ್ದುದ್ದ ನೋಡ್ದೆ. ಅಷ್ಟೊತ್ಗೆ ನೀವ್ ಗುಡುಸ್ಬುಟ್ರಿ. ಬೀದಿ ಜನ ಎಲ್ಲ ಕೂತಿತ್ತು. ಅವ್ರ ಮುಂದೆ ನಾಕು ಅಂದಿದ್ರೆ ನಿಮ್ ಮಾನ ಏನಾಗ್ಬೇಕು?" ಅವನು ಕೈಯ ಮಣ್ಣನ್ನು ಉಜ್ಜಿಕೊಂಡ. "ಸಿಟ್ಟು ಬಂದಿತ್ತು, ಸುಳ್ಯಾಕ್ ಯೋಳ್ಲಿ. ಇನ್ ಆ ಜಗ್ಲಿ ಅತ್ತಬಾರ್ದು ಅನ್ಕಂಡಿದ್ದೆ."

ಎರಡು ದಿನ ಬಯಲಿನಲ್ಲಿ ಸರಪಳಿ ಎಳೆಯುತ್ತ ಇವನು ತನ್ನ ಮಾನವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದನಲ್ಲ ಎಂದು ಪಾರ್ಥಸಾರಥಿಗೆ ಅಳು ಬಂತು, ತಡೆಯಲಿಲ್ಲ. "ಹಾಗಾದ್ರೆ ಅವನು ಸತ್ತಿಲ್ಲ" ಎಂದ ಅವಸರದಿಂದ. "ಲೆಕ್ಕ ತಪ್ಪು ಅಂದ್ಮೇಲೆ ಸಾವೂ ತಪ್ಪು. ಎಲ್ರ ಮುಂದೆ ನಾನೇ ಹೇಳ್ತೀನಿ. ಶನಿವಾರ ಅವನನ್ನ ಮಡುವಿಂದ ಮೇಲೆತ್ತಿಬಿಡ್ತೀನಿ, ಹೊಸ ಚೀಟಿ ಬರೀತೀನಿ, ಉಸಿರು ಇಪ್ಪತ್ತು ಕೊಡ್ತೀನಿ."

"ಬ್ಯಾಡ" ಎಂದಳು ಚಿಕ್ಕನಂಜಮ್ಮ. ಅವಳ ಮಾತು ಗಟ್ಟಿಯಾಗಿತ್ತು. "ಆಲುತುಪ್ಪ ಬುಟ್ಟ ಮ್ಯಾಲೆ ಬಾ ಅನ್ನಬಾರ್ದು. ಬಾಯ್ಗೆ ಆಲು ಬಿದ್ದದೆ, ನೆಮ್ಮದ್ಯಾಗ್ ಒಂಟವ್ನೆ. ನೀ ಕೊಂದಿದ್ದು ತಪ್ಪೇಯ. ತಪ್ಪಾಯ್ತು ಅಂದೆ, ಸರಿ. ಅದ್ಕೇಂತ ಬದುಕುಸ್ತೀನಿ ಅನ್ನಕೆ ನೀನ್ಯಾರ್ಲಾ? ಬುಡು ಆಲ."

ಅಷ್ಟು ವರ್ಷದಲ್ಲಿ ಅವನನ್ನು ಲಾ ಎಂದವರಿಲ್ಲ. ಬಗ್ಗಿ ಬಿಟ್ಟ. ಒಂದು, ಎರಡು, ಮೂರು. ಹಾಲು ಮಣ್ಣಿನಲ್ಲಿ ಇಳಿದುಹೋಯಿತು. ಇನ್ನು ಬೈರ ಇಲ್ಲ ಎಂಬುದು ಆಗ ಪೂರ್ತಿ ತಿಳಿಯಿತು. ಆಮೇಲೆ ಅವನನ್ನು ನಡುಮನೆಯಲ್ಲಿ ಕೂರಿಸಿ ಎಲೆ ಹಾಕಿದರು. ಕರಿಸಿದ್ದಯ್ಯ ಬಾಗಿಲಲ್ಲಿ ನಿಂತು, "ಅವ್ವ, ಅವ್ರು ಉಣ್ತಾರೋ ಇಲ್ವೋ" ಎಂದು ಗೊಣಗುತ್ತಿದ್ದ. ನಾಲ್ಕು ದಿನದ ಹಸಿವು ಒಟ್ಟಿಗೆ ಬಂದಿತ್ತು. ಅವನು ಉಂಡ. ನುಂಗಬೇಕಾದ ಮುದ್ದೆಯನ್ನು ಅಗಿಯುತ್ತ ಉಂಡನೆಂದು ರೇವಮ್ಮ ಒಳಗೆ ಹೋಗಿ ನಕ್ಕಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಊರಾಚೆಯ ಮೋರಿಯ ಮೇಲೆ ಕೂತರು. ಪಾರ್ಥಸಾರಥಿ, "ಶನಿವಾರ ಬರ್ತೀಯಾ?" ಎಂದು ಕೇಳಿದ. ಕೇಳುವಾಗ ಅವನ ದೃಷ್ಟಿ ರಸ್ತೆಯ ಮೇಲಿತ್ತು.

"ಬರ್ಬೌದು" ಎಂದ ಕರಿಸಿದ್ದಯ್ಯ. "ಆದ್ರೆ ಒಂದ್ ಮಾತು. ಸೀಮೆ ನಿಮ್ದೇ, ಬ್ಯಾಡ ಅನ್ನಲ್ಲ. ಈ ಸಲ ಯೋಳೋನ್ ನಾನು. ನೀವ್ ಆಳಾಗ್ ಬನ್ನಿ."

"ನಾನಾ?"

"ಊಂ. ನೀವು ಒಂದ್ ದಪವೂ ಒಳಕ್ ಇಳ್ದಿಲ್ವಲ್ಲ." ಅವನು ಆಗಲೇ ಮೋರಿಯಿಂದ ಇಳಿದು ಕುಕ್ಕರುಗಾಲಲ್ಲಿ ಕೂತು ರಸ್ತೆಯ ಧೂಳಿನಲ್ಲಿ ಬೆರಳಿನಿಂದ ನಾಲೆಯ ಗೆರೆ ಎಳೆಯುತ್ತಿದ್ದ, ಪಾರ್ಥಸಾರಥಿಯ ನಾಲೆಯೇ, ಒಂದು ತಿರುವೂ ತಪ್ಪಿರಲಿಲ್ಲ. "ಏಳ್ನೇ ತೂಬು. ಕತ್ಲೆ. ಮಡು ಎಷ್ಟ್ ಆಳ ಅಂತ ನಿಮ್ಗೆ ಗೊತ್ತಿಲ್ಲ. ಒಬ್ರೇ ಇದ್ದೀರಿ. ತಳದಾಗೆ ಏನೋ ಉಸಿರಾಡ್ತಾ ಅದೆ. ಏನ್ ಮಾಡ್ತೀರಿ ಸ್ವಾಮಿ?"

ಒಂಬತ್ತು ತಿಂಗಳು ತಾನು ಕೇಳಿದ್ದ ಪ್ರಶ್ನೆ. ಮಡುವಿನ ಆಳ ಎಷ್ಟು, ತಳದಲ್ಲಿ ಏನಿದೆ, ಎಲ್ಲವನ್ನೂ ಅವನೇ ಮಾಡಿದ್ದ. ಈಗ ಅದೊಂದೂ ನೆನಪಿಗೆ ಬರಲಿಲ್ಲ. ಪಕ್ಕದಲ್ಲಿದ್ದವನ ಮುಖ ನೋಡಿದ.

"ಹೆದರಿಕೆ ಆಗ್ತಿದೆ ಕಣಯ್ಯ" ಎಂದ.

"ಬೈರಂಗೂ ಆಯ್ತಿತ್ತು ಸ್ವಾಮಿ" ಎಂದ ಕರಿಸಿದ್ದಯ್ಯ. "ನೀವ್ ಕೇಳ್ಲಿಲ್ಲ ಅಷ್ಟೆ."